ಲಿಯೊಂತಿನಳ ಕಿಟಕಿಯಿಂದ ಕಂಡದ್ದು

ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ಲಿಯೊಂತಿನ್ ಗಂಜಿ ಹಾಕಿದ ಕಾಲರುಗಳನ್ನು ಒಂದೊಂದಾಗಿ ತಟ್ಟಿ ಮೇಜಿನ ಮೇಲೆ ಹರಡುತ್ತಿದ್ದಾಗ, ಗಡ್ಡಕ್ಕೆ ನೀಲಿ ಬಣ್ಣ ಅಂಟಿಸಿಕೊಂಡ ಒಬ್ಬ ಮನುಷ್ಯ ಬಾಗಿಲಲ್ಲಿ ಬಂದು ನಿಂತ.

"ಅಮ್ಮಾ, ನಿಮ್ಮ ಮಹಡಿ ಕಿಟಕಿ ಹತ್ತು ದಿನಕ್ಕೆ ಬಾಡಿಗೆಗೆ ಸಿಗುತ್ತಾ?"

"ಕಿಟಕೀನಾ? ಕೋಣೆ ಬೇಡ್ವಾ?"

"ಕೋಣೆ ನೀವೇ ಇಟ್ಕೊಳ್ಳಿ. ನನಗೆ ಕಿಟಕಿ ಸಾಕು. ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ. ಈ ಓಣಿಯ ಚಿತ್ರ ಬರೀಬೇಕು."

ಲಿಯೊಂತಿನಳಿಗೆ ನಗು ತಡೆಯಲಾಗಲಿಲ್ಲ. ಪ್ಯಾರಿಸ್ಸಿನ ಬೆಲ್‌ವಿಲ್ ದಿಣ್ಣೆಯಲ್ಲಿರುವ, 'ಮೂರು ಕೊಡ' ಎಂದು ಹೆಸರಾದ ಓಣಿಯ ಚಿತ್ರ ಬರೆಯುವವರೂ ಇದ್ದಾರೆಯೆ! ಎದುರುಬದುರು ಇಬ್ಬರು ಬುಟ್ಟಿ ಹೊತ್ತು ಬಂದರೆ ಒಬ್ಬರು ಯಾರದಾದರೂ ಹೊಸ್ತಿಲು ಹತ್ತಿ ನಿಲ್ಲಬೇಕಾದ ಓಣಿ ಅದು. ಬಿಸಿಲೂ ಅಲ್ಲಿಗೆ ದಿನಕ್ಕೆ ಎರಡು ಗಂಟೆ ಮಾತ್ರ ಬಂದು, ಬಂದದ್ದೇ ತಪ್ಪಾಯಿತೆಂಬಂತೆ ಹೊರಟುಹೋಗುತ್ತಿತ್ತು. ಆ ಓಣಿಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳು ಊರವರ ಬಟ್ಟೆಗೆ ಇಸ್ತ್ರಿ ಹಾಕಿಕೊಂಡು ಬದುಕಿದ್ದಳು. ಕಾವು ಹದಕ್ಕೆ ಬಂತೋ ಇಲ್ಲವೋ ಎಂದು ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ನೋಡಿ ನೋಡಿ, ಅವಳ ಎಡಗೆನ್ನೆ ಚಳಿಗಾಲದಲ್ಲೂ ಕೆಂಪಗೇ ಇರುತ್ತಿತ್ತು. ಗಂಡ ಸತ್ತು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಓಣಿಯವರ ಬಾಯಲ್ಲಿ ಅವಳು "ಲಿಯೊಂತಿನಮ್ಮ". ಜಗಳಕ್ಕೆ ಹೋಗದ, ಬೆಣ್ಣೆಯಂಥ ಮನಸ್ಸಿನ ಹೆಂಗಸು ಎಂದು ಎಲ್ಲರೂ ಹೇಳುತ್ತಿದ್ದರು.

ಚಿತ್ರಕಾರನ ಹೆಸರು ಬ್ರಿಸ್ಸೊ. ಅವನು ಮೇಲೆ ಹೋಗಿ ಚೌಕಟ್ಟು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಕಬ್ಬಿಣ ಕಿರುಗುಟ್ಟಿದ ಸದ್ದು ಕೇಳಿತು. ಲಿಯೊಂತಿನ್ ಕೈಯ ಕೆಲಸ ಬಿಟ್ಟು ಮೆಟ್ಟಿಲು ಹತ್ತಿದಳು. ಅವನು ಕಿಟಕಿಯ ಎಡಗಡೆಯ ಕದದ ಚಿಲಕವನ್ನು ಜಗ್ಗುತ್ತಿದ್ದ.

"ಅದು ಬೇಡಿ ಸ್ವಾಮಿ. ಗಾಳಿ ನುಗ್ಗುತ್ತೆ."

"ಅರ್ಧ ಓಣಿ ಈ ಕದದ ಹಿಂದೆ ಇದೆಯಲ್ಲಮ್ಮ! ತುಕ್ಕು ನೋಡಿ. ಇದನ್ನ ತೆಗೆದು ಎಷ್ಟು ವರ್ಷ ಆಯ್ತು?"

ಒಂಬತ್ತು ವರ್ಷ, ನಾಲ್ಕು ತಿಂಗಳು. ಅವಳು ಮನಸ್ಸಿನಲ್ಲೇ ಎಣಿಸಿದಳು. ಅಷ್ಟರಲ್ಲಿ ಚಿಲಕ ಬಿಟ್ಟುಕೊಂಡು ಕದ ಹಾರುಹೊಡೆಯಿತು. ಓಣಿಯ ಎಡಭಾಗ ಕಣ್ಣಿಗೆ ಬಿತ್ತು: ನಲ್ಲಿಕಟ್ಟೆ, ಅದರ ಪಕ್ಕ ಬೀದಿಗೆ ಚಾಚಿಕೊಂಡ ಕಲ್ಲಿನ ಗೋಡೆ, ಗೋಡೆಯ ಆಚೆ ನೆಲಮಟ್ಟದಲ್ಲಿ ಕಲ್ಲಿದ್ದಲ ನೆಲಮಾಳಿಗೆಯ ಕಬ್ಬಿಣದ ಜಾಲರಿ.

"ಕೆಳಗೆ ಓಡಾಡುವಾಗ ನೋಡಿದೀನಿ, ಆ ಜಾಲರಿ ಮೇಲೆ ಒಂಬತ್ತು ಗಂಟೆಗೆ ಬಿಸಿಲು ಬೀಳುತ್ತೆ ನೋಡಿ, ಚಿನ್ನದ ಹಾಗೆ," ಎಂದ ಬ್ರಿಸ್ಸೊ. "ಅದನ್ನ ಕೊನೆಗೆ ಇಟ್ಕೊಂಡಿದೀನಿ."

ಲಿಯೊಂತಿನ್ ಕೆಳಗಿಳಿದು ಬಂದಳು. ಆ ದಿನ ಒಂದು ದಿಂಬಿನ ಚೀಲ ಸುಟ್ಟಳು. ಹತ್ತು ವರ್ಷದಲ್ಲಿ ಅವಳು ಏನನ್ನೂ ಸುಟ್ಟಿರಲಿಲ್ಲ.

ಮೂರನೆಯ ದಿನಕ್ಕೆ ಓಣಿಯೆಲ್ಲ ಮೆಟ್ಟಿಲು ಹತ್ತಿ ಇಳಿಯತೊಡಗಿತು. ತರಕಾರಿ ಗಾಡಿಯ ಜೊಯೆ ಎಲ್ಲರಿಗಿಂತ ಮೊದಲು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದೇನ್ರೀ ಇದು, ಯಾರಿಗೂ ಮುಖಾನೇ ಇಲ್ಲ! ನನ್ನ ಕೋಸು ಮಾತ್ರ ಸರಿಯಾಗಿ ಬರ್ದಿದೀರ, ನನ್ನನ್ನ ಒರೆಸಿ ಬಿಟ್ಟಿದೀರ."

"ಇಲ್ಲಿಂದ ನಿಮ್ಮ ಮುಖ ಕಾಣೋದು ಅಷ್ಟೇ ತಾಯಿ. ನಾನು ಕೂತ ಕಡೆಯಿಂದ ಏನು ಕಾಣುತ್ತೋ ಅದಷ್ಟೇ ನನ್ನ ಕೆಲಸ. ಗೊತ್ತಿರೋದನ್ನ ಬರೆಯೋದಿಲ್ಲ, ಕಂಡದ್ದನ್ನ ಬರೀತೀನಿ."

"ಹಾಗಾದ್ರೆ ಸಾಲ ಕೊಟ್ಟವರಿಗೆ ತಲೆ ತಪ್ಪಿಸ್ಕೊಂಡು ತಿರುಗೋ ನನ್ನ ಗಂಡನ್ನ ಬರೀಬೇಡಿ. ಅವನು ಎಲ್ಲೂ ಕಾಣೋದೇ ಇಲ್ಲ!" ಎಂದು ಜೊಯೆ ನಕ್ಕಳು. ಎಲ್ಲರೂ ನಕ್ಕರು. ಲಿಯೊಂತಿನ್ ಮಾತ್ರ ಕ್ಯಾನ್ವಾಸಿನ ಎಡಮೂಲೆ ನೋಡುತ್ತ ನಿಂತಿದ್ದಳು. ಅಲ್ಲಿ ಇನ್ನೂ ಬರಿಯ ಬಟ್ಟೆಯಿತ್ತು.

ಕೆಳಗಿಳಿಯುವಾಗ ಜೊಯೆ ಅವಳ ತೋಳು ಹಿಡಿದಳು. "ಲಿಯೊಂತಿನಕ್ಕ, ಸುದ್ದಿ ಕೇಳಿದ್ಯಾ? ಎವರಿಸ್ತ್ ವಾಪಸ್ ಬಂದಿದಾನೆ. ಬಡಗಿ ಎವರಿಸ್ತ್ ಕಣೇ. ಎಲ್ಲರಿಗೂ ಮಾಫಿ ಆಯ್ತಲ್ಲ, ಹಡಗು ತುಂಬಾ ಕರ್ಕೊಂಡು ಬಂದ್ರಂತೆ. ಕೆಳಗಡೆ ಹೋಟೆಲಿನಲ್ಲಿ ಕೋಣೆ ಹಿಡಿದಿದಾನೆ. ಮುದುಕ ಆಗ್ಬಿಟ್ಟಿದಾನೆ ಪಾಪ, ನಲವತ್ತಕ್ಕೇ."

"ಏನಂದ?"

"ಒಂದೇ ಮಾತು ಕೇಳಿದ. ಜೋಡು ಹೊಲಿಯೋ ಆನ್ಸೆಲ್ಮ್ ಇನ್ನೂ ಇಲ್ಲೇ ಇದಾನಾ ಅಂತ."

ಸಾವಿರದ ಎಂಟುನೂರ ಎಪ್ಪತ್ತೊಂದನೆಯ ಇಸವಿಯ ವಸಂತದಲ್ಲಿ ಪ್ಯಾರಿಸ್ಸಿನ ದುಡಿಯುವ ಜನ ಸರ್ಕಾರವನ್ನು ಊರಾಚೆ ಅಟ್ಟಿ ಎರಡು ತಿಂಗಳು ತಾವೇ ಊರನ್ನು ಆಳಿದ್ದರು. ಮೇ ತಿಂಗಳ ಕೊನೆಯ ವಾರ ಸೈನ್ಯ ಮರಳಿ ಬಂತು. ಬೀದಿಗಳಿಗೆ ಅಡ್ಡವಾಗಿ ಪೇರಿಸಿದ್ದ ಕಲ್ಲುಗಳು ಒಂದೊಂದಾಗಿ ಉರುಳಿದವು. ಬೆಲ್‌ವಿಲ್ ಬಿದ್ದದ್ದು ಎಲ್ಲಕ್ಕಿಂತ ಕೊನೆಗೆ. ಆ ಭಾನುವಾರ ಬೆಳಗಿನ ಜಾವ ಲಿಯೊಂತಿನ್ ಕಿಟಕಿಯ ಸಂದಿನಿಂದ ನೋಡುತ್ತಿದ್ದಾಗ, ಎವರಿಸ್ತ್ ತನ್ನ ತಮ್ಮ ಸಿಲ್ವಾನನ ಕೈಹಿಡಿದು ಓಡಿಬಂದು, ಜಾಲರಿ ಎತ್ತಿ, ನೆಲಮಾಳಿಗೆಯೊಳಗೆ ಇಳಿದು, ಮತ್ತೆ ಜಾಲರಿ ಎಳೆದುಕೊಂಡದ್ದು ಕಂಡಿತ್ತು. ಸಿಲ್ವಾನನಿಗೆ ಹತ್ತೊಂಬತ್ತು ವರ್ಷ.

ಬಿಸಿಲೇರುವ ಹೊತ್ತಿಗೆ ಸೈನಿಕರು ಅವಳ ಮಹಡಿಗೇ ಬಂದರು. ಗಂಡಸರ ಕೈ ನೋಡುತ್ತಿದ್ದರು. ಕೈ ಕಪ್ಪಾಗಿದ್ದರೆ ಅದು ಕೋವಿಮದ್ದಿನ ಕಪ್ಪು, ಅವನನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುವುದು. ಅವಳ ಗಂಡ ಮಾತುರಿನ್ ಕಲ್ಲಿದ್ದಲು ಹೊರುವವನು. ಕೈ ಹುಟ್ಟಿದಾರಭ್ಯ ಕಪ್ಪು. ಇದ್ದಿಲು, ಇದ್ದಿಲು ಎಂದು ಅವನು ಬಡಬಡಿಸಿದರೂ ಯಾರೂ ಕೇಳಲಿಲ್ಲ. ಎಳೆಯ ಪ್ರಾಯದ ಅಧಿಕಾರಿ ಬೇಸರದಿಂದ ಅವಳ ಕಡೆ ತಿರುಗಿ, ನಿಜವಾಗಿ ಗುಂಡು ಹಾರಿಸಿದವರು ಎಲ್ಲಿದ್ದಾರೆ ಹೇಳು, ಇವನನ್ನು ಬಿಡುತ್ತೇನೆ ಎಂದ. ಲಿಯೊಂತಿನಳ ಬೆರಳು ಎದ್ದು ಕಿಟಕಿಯಾಚೆಯ ಜಾಲರಿಯ ಕಡೆ ಹೋಯಿತು.

ಸಿಲ್ವಾನನನ್ನು ನಲ್ಲಿಕಟ್ಟೆಯ ಗೋಡೆಗೇ ನಿಲ್ಲಿಸಿದರು. ಎವರಿಸ್ತನನ್ನು ಯಾಕೋ ಉಳಿಸಿ, ಆಮೇಲೆ ಕಡಲಾಚೆಯ ಕೈದಿಗಳ ದ್ವೀಪಕ್ಕೆ ಸಾಗಿಸಿದರು. ಮಾತುರಿನ್ ಆ ಬೆರಳಿನ ವಿಷಯ ಹೆಂಡತಿಯೊಡನೆ ಎಂದೂ ಎತ್ತಲಿಲ್ಲ. ಕುಡಿಯತೊಡಗಿದ; ಮೂರು ವರ್ಷಕ್ಕೆ ಹೋದ.

ಓಣಿಗೆ ಮಾತ್ರ ಒಬ್ಬ ತಪ್ಪಿತಸ್ಥ ಬೇಕಾಗಿತ್ತು. ಆ ಅಧಿಕಾರಿ, ಎಲ್ಲ ಮುಗಿದ ಮೇಲೆ, ಬೂಟಿನ ಮೊಳೆ ಬಡಿಸಿಕೊಳ್ಳಲು ಆನ್ಸೆಲ್ಮನ ಅಂಗಡಿಯ ಮಣೆಯ ಮೇಲೆ ಕಾಲಿಟ್ಟು ನಿಂತದ್ದನ್ನು ಹತ್ತು ಜನ ನೋಡಿದ್ದರು. ಅಂಗಡಿ ನಲ್ಲಿಕಟ್ಟೆಯ ಗೋಡೆಯ ಈಚೆ ಬದಿಗೆ. ಬೆಳಗಿನ ಜಾವ ಅಲ್ಲಿ ದೀಪ ಉರಿಯುತ್ತಿತ್ತೆಂದು ಎವರಿಸ್ತನೇ ಸೆರೆಮನೆಯಿಂದ ಬರೆಸಿ ಕಳಿಸಿದ್ದ. ಅಷ್ಟು ಸಾಕಾಯಿತು. ಅಂದಿನಿಂದ ಆನ್ಸೆಲ್ಮನ ಬಳಿ ಓಣಿಯ ಜೋಡು ಬರಲಿಲ್ಲ. ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಹಬ್ಬದ ದಿನ ಅವನ ಬಾಗಿಲಿಗೆ ಸಗಣಿ ಎರಚುತ್ತಿದ್ದರು. ಲಿಯೊಂತಿನ್ ಒಬ್ಬಳು ವರ್ಷಕ್ಕೆರಡು ಸಲ ತನ್ನ ಜೋಡು ಕೊಟ್ಟು ಹೊಲಿಸಿಕೊಳ್ಳುತ್ತಿದ್ದಳು. ಅದನ್ನು ಕಂಡೇ ಜನ ಅವಳದು ಬೆಣ್ಣೆಯಂಥ ಮನಸ್ಸು ಎನ್ನುತ್ತಿದ್ದದ್ದು.

ಗುರುವಾರ ಎವರಿಸ್ತ್ ಇಸ್ತ್ರಿ ಅಂಗಡಿಗೆ ಬಂದ. ಬಾಗಿಲಿಗೆ ನೆರಳು ಬಿದ್ದಾಗ ಲಿಯೊಂತಿನ್ ತಲೆಯೆತ್ತಿದಳು. ಯಾರೆಂದು ಗೊತ್ತಾಗಲು ತುಸು ಹೊತ್ತು ಹಿಡಿಯಿತು. ಹಲ್ಲು ಹೋಗಿತ್ತು. ಕಣ್ಣಿನ ಸುತ್ತ ಚರ್ಮ ಸುಟ್ಟ ತೊಗಲಿನ ಹಾಗಿತ್ತು.

"ಲಿಯೊಂತಿನಮ್ಮ, ಗುರುತು ಸಿಗ್ಲಿಲ್ವಾ? ಸಿಗೋದು ಬೇಡ ಬಿಡಿ. ಈ ಅಂಗಿ ಭಾನುವಾರಕ್ಕೆ ಬೇಕು."

ಅಂಗಿ ಹಳೆಯದು, ಬಿಳಿಯದು. ಅವಳು ಅದನ್ನು ಇಸಿದುಕೊಂಡಳು. ಏನಾದರೂ ಮಾತಾಡಬೇಕಲ್ಲ ಎಂದು, "ಭಾನುವಾರ ಏನು ವಿಶೇಷ?" ಎಂದಳು.

"ಚರ್ಚಿನ ಪೂಜೆ ಮುಗಿದ ಮೇಲೆ ಓಣಿ ತುಂಬಾ ಜನ ಇರ್ತಾರಲ್ಲ, ಆಗ ಆನ್ಸೆಲ್ಮನ್ನ ಮಾತಾಡಿಸ್ಬೇಕು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗಿರಾಕಿಗೆ ಮೇಜಿನ ಅಳತೆ ಹೇಳುವ ಬಡಗಿಯ ದನಿ ಅದು. "ಒಂಬತ್ತು ವರ್ಷ ಅಲ್ಲಿ ಕಲ್ಲು ಒಡೀತಾ ಇದೊಂದೇ ಯೋಚನೆ ಮಾಡಿದೀನಿ. ಕೊಳೆ ಬಟ್ಟೇಲಿ ಮಾಡೋ ಕೆಲಸ ಅಲ್ಲ ಅದು. ನನ್ನ ಉಳಿ ಒಂದು ಇನ್ನೂ ಅಕ್ಕನ ಮನೇಲಿತ್ತು. ಸಾಣೆಗೆ ಕೊಟ್ಟಿದೀನಿ."

"ಎವರಿಸ್ತ್, ಮತ್ತೆ ಜೈಲು, ಅಲ್ಲ, ತಲೇನೇ..."

"ಗೊತ್ತು. ಕಾಲರಿಗೆ ಗಂಜಿ ಸ್ವಲ್ಪ ಜಾಸ್ತಿ ಇರಲಿ."

ಅವನು ಹೋದ ಮೇಲೆ ಅವಳು ಆ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ಒಲೆಯ ಪಕ್ಕ ಕೂತಳು. ಮೇಲೆ ಬ್ರಿಸ್ಸೊ ಸಿಳ್ಳೆ ಹಾಕುತ್ತಿದ್ದ.

ಅಂದು ಮಧ್ಯಾಹ್ನವೇ ಅವಳು ಸವೆಯದ ಜೋಡೊಂದನ್ನು ಹಿಡಿದು ಆನ್ಸೆಲ್ಮನ ಅಂಗಡಿಗೆ ಹೋದಳು.

"ಆನ್ಸೆಲ್ಮಣ್ಣ, ನಾಲ್ಕು ದಿನ ಎಲ್ಲಾದ್ರೂ ಹೋಗಿ ಬನ್ನಿ. ಹೆಂಡತಿ ಊರಿಗೆ ಹೋಗಿ. ಎವರಿಸ್ತ್ ಬಂದಿದಾನೆ."

"ನನಗೂ ಕಿವಿ ಇದೆ ತಾಯಿ." ಅವನು ಜೋಡನ್ನು ತಿರುವಿ ನೋಡಿದ. "ಇದಕ್ಕೇನಾಗಿದೆ? ಹೊಸದಾಗಿದೆಯಲ್ಲ."

"ಹಿಮ್ಮಡಿ ಸ್ವಲ್ಪ ಗಟ್ಟಿ ಮಾಡಿ. ನಾನು ಹೇಳಿದ್ದು ಕೇಳಿದ್ರಾ? ಅವನ ಮನಸ್ಸು ಸರಿಯಿಲ್ಲ."

"ಓಡಿದ್ರೆ ಏನಂತಾರೆ? ನೋಡಿ, ಕಳ್ಳ ಓಡಿದ ಅಂತಾರೆ. ಒಂಬತ್ತು ವರ್ಷ ಇಲ್ಲಿ ಕೂತಿದ್ದು ಅದಕ್ಕೇನಾ?" ಅವನು ಸುತ್ತಿಗೆಯಿಂದ ಎಡಕ್ಕೆ ತೋರಿಸಿದ. "ಅಲ್ಲಿ ನೋಡಿ. ಏನು ಕಾಣುತ್ತೆ? ಗೋಡೆ. ಆ ಜಾಲರಿ ನನ್ನ ಮಣೆಯಿಂದ ಯಾವತ್ತೂ ಕಂಡಿಲ್ಲ. ನಾನೆಲ್ಲಿಂದ ನೋಡಲಿ, ಯಾರಿಗೆ ತೋರಿಸಲಿ? ಇಷ್ಟು ಜನ ಬೈದ್ರಲ್ಲ, ಒಬ್ಬರಾದ್ರೂ ಬಂದು ಈ ಮಣೆ ಮೇಲೆ ಕೂತು ನೋಡಿದ್ರಾ? ನೀವೊಬ್ಬರು ಬರ್ತೀರಿ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ಹೇಳಿಬಿಡಲು ಅದೇ ಹೊತ್ತಾಗಿತ್ತು. ಆದರೆ ಅವಳು ಜೋಡನ್ನು ಅಲ್ಲೇ ಬಿಟ್ಟು ಓಣಿ ದಾಟಿ ಬಂದಳು.

ಶುಕ್ರವಾರ ಬ್ರಿಸ್ಸೊ ಎಡಮೂಲೆಗೆ ಕೈಹಾಕಿದ. ಮೇಲೆ ಕಾಫಿ ತೆಗೆದುಕೊಂಡು ಹೋದಾಗ ಅವಳು ನೋಡಿದಳು: ಗೋಡೆಯ ನೇರಳೆ ನೆರಳು, ನೆರಳಿನ ಆಚೆ ನಾಲ್ಕೇ ನಾಲ್ಕು ಕಪ್ಪು ಗೀರು, ಅವುಗಳ ಮೇಲೆ ಹಳದಿಯ ಒಂದು ತೇಪೆ. ಹತ್ತಿರದಿಂದ ಅದು ಏನೂ ಅಲ್ಲ. ಬಾಗಿಲ ಬಳಿ ಹಿಂದೆ ಸರಿದು ನಿಂತರೆ ಜಾಲರಿ. ಅದರೊಳಗೆ ಈಗ ಯಾರೋ ಉಸಿರು ಬಿಗಿಹಿಡಿದು ಕೂತಿದ್ದಾರೆ ಎನ್ನಿಸುವಂಥ ಜಾಲರಿ.

ಬ್ರಿಸ್ಸೊ ಬೆಂಕಿಕಡ್ಡಿ ತರಲು ಕೆಳಗಿಳಿದ. ಲಿಯೊಂತಿನ್ ಹೆಬ್ಬೆರಳನ್ನು ಆ ಹಸಿ ಬಣ್ಣದ ಮೇಲಿಟ್ಟು ಎಳೆದಳು. ಕಪ್ಪು, ಹಳದಿ, ನೇರಳೆ ಎಲ್ಲ ಕಲಸಿ ಕೆಸರಾಯಿತು. ಬೆರಳನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ ಕೆಲಸದ ಬಟ್ಟೆಗೆ ಒರೆಸಿಕೊಳ್ಳುವಷ್ಟರಲ್ಲಿ ಅವನು ಬಾಗಿಲಲ್ಲಿದ್ದ.

ಅವನು ಕೂಗಾಡಲಿಲ್ಲ. ಚಿತ್ರವನ್ನೂ ಅವಳ ಬೆರಳನ್ನೂ ನೋಡಿದ.

"ಕಾಲು ಜಾರಿತು ಸ್ವಾಮಿ," ಎಂದಳು.

"ಇರಲಿ ಬಿಡಿ. ಆ ಜಾಗ ಈಗ ನನಗೆ ಬಾಯಿಪಾಠ ಆಗಿದೆ. ನಾಳೆ ಮತ್ತೆ ಬರೀತೀನಿ."

ಮರುದಿನ ಹತ್ತೂವರೆಗೆ ಚಿತ್ರ ಮುಗಿಯಿತು. ಲಿಯೊಂತಿನ್ ಬೇಡವೆನ್ನುವ ಮೊದಲೇ ಜೊಯೆ ಮತ್ತು ಬ್ರಿಸ್ಸೊ ಅದನ್ನು ಕೆಳಗೆ ಹೊತ್ತು ತಂದು ಇಸ್ತ್ರಿ ಮೇಜಿಗೆ ಒರಗಿಸಿ ಇಟ್ಟರು. ಅಂಗಡಿ ತುಂಬಿ ಜನ ಬೀದಿಗೆ ನಿಂತರು. ಇದು ನನ್ನ ಟೋಪಿ, ಅದು ನಿನ್ನ ಕತ್ತೆ, ಅಲ್ಲ ಅದು ನಿನ್ನ ಅತ್ತೆ ಎಂದು ನಗು, ಕೂಗು. ಅಂಗಿ ಕೊಂಡುಹೋಗಲು ಬಂದ ಎವರಿಸ್ತ್ ಬಾಗಿಲಲ್ಲಿ ನಿಂತ. ಜನ ತಾವಾಗಿ ದಾರಿ ಬಿಟ್ಟರು.

ಅವನು ಬಗ್ಗಿ ಎಡಮೂಲೆಯನ್ನು ನೋಡಿದ. ಬಹಳ ಹೊತ್ತು ನೋಡಿದ.

"ಇದನ್ನ ಎಲ್ಲಿ ಕೂತು ಬರ್ದಿದ್ದು?"

"ಮೇಲಿನ ಕಿಟಕೀಲಿ," ಎಂದ ಬ್ರಿಸ್ಸೊ.

"ಜೋಡಿನ ಅಂಗಡಿಯಿಂದ ಬರೆಯೋಕಾಗ್ತಿರಲಿಲ್ವಾ?"

"ಇಲ್ಲಿಗೆ ಬರೋಕೆ ಮುಂಚೆ ಒಂದು ದಿನ ಅಲ್ಲೇ ಕೇಳಿಕೊಂಡು ಕೂತಿದ್ದೆ. ಗೋಡೆ ಅಡ್ಡ ಬರುತ್ತೆ. ಓಣಿಯ ಆ ಭಾಗ ಈ ಕಿಟಕಿಗೆ ಬಿಟ್ಟರೆ ಇನ್ಯಾವುದಕ್ಕೂ ಸಿಗಲ್ಲ."

ಎವರಿಸ್ತ್ ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿದ. ತಲೆಯ ಮೇಲೆ ಹಲಗೆಗಳು ಸದ್ದು ಮಾಡಿದವು. ಹೆಜ್ಜೆಗಳು ಕಿಟಕಿಯವರೆಗೆ ಹೋಗಿ ನಿಂತವು. ಲಿಯೊಂತಿನ್ ಇಸ್ತ್ರಿ ಪೆಟ್ಟಿಗೆಯನ್ನು ಒಲೆಯ ಮೇಲಿಟ್ಟಳು. ಬಾಗಿಲು ಎದುರಿಗೇ ಇತ್ತು, ಹೋಗಬಹುದಾಗಿತ್ತು. ಮರುದಿನ ಆನ್ಸೆಲ್ಮ್ ಮಣೆಯ ಮೇಲೆ ಕೂತೇ ಇರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಮಡಿಸಿದ ಅಂಗಿಯನ್ನು ಎತ್ತಿಕೊಂಡು ಮೇಲೆ ಹೋದಳು.

ಅವನು ಬೆನ್ನು ತಿರುಗಿಸಿ ನಿಂತಿದ್ದ.

"ನಮ್ಮನ್ನ ಮೇಲಕ್ಕೆ ಎಳೆದಾಗ ನಾನು ತಲೆ ಎತ್ತಿದ್ದೆ," ಎಂದ. "ಒಂದು ಕಿಟಕಿ ತೆರೆದಿತ್ತು. ಯಾರದ್ದು ಅಂತ ನೆನಪಿರಲಿಲ್ಲ. ಜೋಡಿನ ಅಂಗಡಿಯ ದೀಪ ಮಾತ್ರ ನೆನಪಿತ್ತು."

"ನಾನೇ," ಎಂದಳು ಲಿಯೊಂತಿನ್. "ಮಾತುರಿನ್ನ ಕೈ ಹಿಡಿದಿದ್ರು. ನಾನು ಬೆರಳು ತೋರಿಸ್ದೆ. ಆನ್ಸೆಲ್ಮ್‌ಗೆ ಏನೂ ಗೊತ್ತಿಲ್ಲ."

ಅವನು ತಿರುಗಲಿಲ್ಲ. ಅವಳು ಅಂಗಿ ಹಿಡಿದುಕೊಂಡೇ ಇದ್ದಳು. ಕೆಳಗೆ ಯಾರೋ ಕೆಮ್ಮಿದರು.

"ಆಮೇಲೆ ನಿಮ್ಮ ಗಂಡ ಎಷ್ಟು ವರ್ಷ ಬದುಕಿದ?"

"ಮೂರು."

"ಮೂರು," ಎಂದು ಅವನೂ ಹೇಳಿದ. "ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

"ಮೊದಲು ಹೆದರಿಕೆ. ಆಮೇಲೆ ಆನ್ಸೆಲ್ಮನ್ನೇ ಎಲ್ಲರೂ ಅಂತಿದ್ರು. ಅದು ಹಾಗೇ ನಡ್ಕೊಂಡು ಹೋಯ್ತು."

ಆಗ ಅವನು ತಿರುಗಿದ. ಹೊಡೆಯುತ್ತಾನೆಂದು ಅವಳು ಕಣ್ಣು ಮುಚ್ಚಿದಳು. ಅವನು ಅಂಗಿಯನ್ನು ಅವಳ ಕೈಯಿಂದ ತೆಗೆದುಕೊಂಡ, ಅಷ್ಟೇ.

"ನನಗೆ ಹೇಳಿದ್ದಾಯ್ತು. ಇನ್ನು ಅವನಿಗೆ ಹೇಳಿ. ಬೀದೀಲಿ, ಎಲ್ಲರ ಎದುರಿಗೆ."

ಲಿಯೊಂತಿನ್ ಓಣಿ ದಾಟಿದಳು. ನಾಲ್ಕು ಹೆಜ್ಜೆಯ ಅಗಲವೂ ಇಲ್ಲದ ಓಣಿ. ಜನ ಅವಳ ಹಿಂದೆ ಬಂದು ಅರ್ಧಚಂದ್ರದ ಹಾಗೆ ನಿಂತರು. ಆನ್ಸೆಲ್ಮ್ ಬಾಯಲ್ಲಿ ಮೊಳೆ ಕಚ್ಚಿಕೊಂಡು ಅವಳದೇ ಜೋಡಿನ ಹಿಮ್ಮಡಿ ಬಡಿಯುತ್ತಿದ್ದ. ಅವಳು ನಿಂತು ಹೇಳಿದಳು. ಬೆರಳಿನ ವಿಷಯ, ಕಿಟಕಿಯ ವಿಷಯ, ತಾನು ಸುಮ್ಮನಿದ್ದ ವಿಷಯ, ಎಲ್ಲ. ದನಿ ಅಷ್ಟು ಸಣ್ಣಗಿದ್ದರೂ ಕೊನೆಯ ಮನೆಯವರೆಗೆ ಕೇಳಿತು.

ಆನ್ಸೆಲ್ಮ್ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದ. ಉಳಿದಿದ್ದ ಒಂದು ಮೊಳೆ ಬಡಿದ. ಜೋಡನ್ನು ಬಟ್ಟೆಯಿಂದ ಒರೆಸಿ ಅವಳ ಕಡೆ ಚಾಚಿದ.

"ಇದು ಆಯ್ತು ತಾಯಿ. ಇನ್ನು ಮೇಲೆ ಬೇರೆ ಕಡೆ ಕೊಡಿ."

ಮುಂದೆ ಅವನು ಅವಳೊಡನೆ ಮಾತಾಡಲಿಲ್ಲ. ಓಣಿಯವರೊಡನೆಯೂ ಹೆಚ್ಚು ಮಾತಾಡಲಿಲ್ಲ. ಸೋಮವಾರದಿಂದ ಅವನ ಅಂಗಡಿಯ ಮುಂದೆ ಜೋಡುಗಳ ರಾಶಿ ಬಿತ್ತು. ತಲೆ ತಗ್ಗಿಸಿ ಬಂದವರ ಜೋಡನ್ನೆಲ್ಲ ತೆಗೆದುಕೊಂಡ, ಹೊಲಿದುಕೊಟ್ಟ, ಯಾರ ಮುಖವನ್ನೂ ನೋಡಲಿಲ್ಲ. ಜೊಯೆ ಒಂದು ಬುಟ್ಟಿ ಬಟಾಟೆ ತಂದು ಹೊಸ್ತಿಲ ಮೇಲಿಟ್ಟು ಅತ್ತಳು. ಬುಟ್ಟಿ ಮೂರು ದಿನ ಅಲ್ಲೇ ಇತ್ತು.

ಬ್ರಿಸ್ಸೊ ಚಿತ್ರವನ್ನು ಬಟ್ಟೆ ಸುತ್ತಿ ಒಯ್ದ. ಮರುವರ್ಷ ಎಲ್ಲೋ ಒಂದು ಪ್ರದರ್ಶನದಲ್ಲಿ ತೂಗುಹಾಕಿದ್ದರಂತೆ; ಜನ ಬಣ್ಣದ ಕಲಸುಮೇಲೋಗರ ಎಂದು ನಕ್ಕರಂತೆ. ಒಬ್ಬ ಹಲ್ಲಿನ ಡಾಕ್ಟರು ಕೊಂಡು ತನ್ನ ಊಟದ ಕೋಣೆಯಲ್ಲಿ ಹಾಕಿಕೊಂಡನಂತೆ. ನೋಡಲು ಬಹಳ ಉಲ್ಲಾಸದ ಚಿತ್ರ ಎಂದು ಅವನ ಅತಿಥಿಗಳು ಹೇಳುತ್ತಿದ್ದರಂತೆ.

ಲಿಯೊಂತಿನಳ ಅಂಗಡಿಗೆ ಬಟ್ಟೆ ಬರುವುದು ನಿಂತಿತು. ಯಾರೂ ಬೈಯಲಿಲ್ಲ, ಸಗಣಿ ಎರಚಲಿಲ್ಲ. ಅವಳು ನಲ್ಲಿಗೆ ಹೋದರೆ ನಲ್ಲಿಕಟ್ಟೆ ಖಾಲಿಯಾಗುತ್ತಿತ್ತು. ಎವರಿಸ್ತ್ ಮಾತ್ರ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವಳ ಬಾಗಿಲೆದುರು ಒಂದು ಗಳಿಗೆ ನಿಲ್ಲುತ್ತಿದ್ದ. ಒಂದು ದಿನ ಅವಳೇ ಹೊರಗೆ ಬಂದು ಕೇಳಿದಳು:

"ಏನು ಮಾಡ್ಬೇಕು ಅಂತಿದೀಯ? ಹೇಳ್ಬಿಡಪ್ಪ."

"ಒಂಬತ್ತು ವರ್ಷ ಒಬ್ಬನ ಮೇಲೆ ಯೋಚನೆ ಮಾಡಿಟ್ಟಿದ್ದೆ," ಎಂದ ಅವನು. "ಈಗ ಮೊದಲಿಂದ ಶುರು ಮಾಡ್ಬೇಕು. ನನಗಿನ್ನೂ ತೀರ್ಮಾನ ಆಗಿಲ್ಲ ಲಿಯೊಂತಿನಮ್ಮ."

ನವೆಂಬರಿನಲ್ಲಿ ಅವಳು ಸಾಮಾನನ್ನು ಕೈಗಾಡಿಗೆ ಹೇರಿ ನದಿಯಾಚೆಯ ಗೊಬ್ಲಾಂ ಕಡೆಗೆ ಹೊರಟಳು. ದಿಣ್ಣೆ ಇಳಿದು ದೊಡ್ಡ ರಸ್ತೆಗೆ ಬಂದಾಗ ತಿರುಗಿ ನೋಡಿದಳು. ಎವರಿಸ್ತ್ ನೂರು ಹೆಜ್ಜೆ ಹಿಂದೆ ಬರುತ್ತಿದ್ದ. ಸೇತುವೆಯ ಮೇಲೆ ತಿರುಗಿದಳು, ಆಗಲೂ ಇದ್ದ. ಅವಳು ಹೊಸ ಮನೆಯ ಬೀಗ ತೆಗೆಯುವುದನ್ನು ಎದುರು ಮೂಲೆಯಲ್ಲಿ ನಿಂತು ನೋಡಿದ. ಆಮೇಲೆ ಟೋಪಿ ಸರಿಮಾಡಿಕೊಂಡು ಬಂದ ದಾರಿಯಲ್ಲೇ ಹೋದ.

ಆ ಮನೆಯಲ್ಲಿ ಲಿಯೊಂತಿನ್ ಹನ್ನೊಂದು ವರ್ಷ ಬದುಕಿದಳು. ಅಲ್ಲಿಯೂ ಇಸ್ತ್ರಿಯೇ. ಎವರಿಸ್ತ್ ಮದುವೆಯಾದನೆಂದೋ, ಸತ್ತನೆಂದೋ, ಬೇರೆ ಊರಿಗೆ ಹೋದನೆಂದೋ ಅವಳಿಗೆ ತಿಳಿಸುವವರು ಯಾರೂ ಇರಲಿಲ್ಲ. ಕೇಳಲು ಅವಳೂ ಆ ದಿಣ್ಣೆ ಹತ್ತಲಿಲ್ಲ. ಅಲ್ಲಿನ ನೆರೆಯವರಿಗೆ ಅವಳ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಮುದುಕಿಯ ಕೆಲಸ ಚೊಕ್ಕಟ, ಮಾತು ಕಡಿಮೆ, ಎಷ್ಟೇ ಶೆಕೆಯಾಗಲಿ ಮೇಜನ್ನು ಬಾಗಿಲಿಗೆ ಎದುರಾಗಿ ಇಟ್ಟುಕೊಂಡೇ ನಿಲ್ಲುತ್ತಾಳೆ, ಬಾಗಿಲಿಗೆ ನೆರಳು ಬಿದ್ದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ಕಾಯುತ್ತಾಳೆ.